ನೋಡದೆ ಹೇಳು
ನಮ್ಮ ಮನೆಪಾಠದ ಮೇಷ್ಟ್ರಿಗೆ ತೆರೆದ ಪುಸ್ತಕ ಕಂಡರಾಗದು. ಒಂದು ಪುಟ ಓದಿಸುತ್ತಾರೆ, ಫಟ್ಟನೆ ಮುಚ್ಚಿಸುತ್ತಾರೆ, "ಈಗ ನೋಡದೆ ಹೇಳು" ಎನ್ನುತ್ತಾರೆ. ತಡವರಿಸಿದರೆ ಬೈಯುವುದಿಲ್ಲ. "ಮರೆತಿದ್ದು ಒಳ್ಳೇದೇ ಆಯ್ತು, ಈಗ ನೋಡ್ಕೊಂಡ್ರೆ ಗಟ್ಟಿಯಾಗಿ ಕೂತ್ಕೊಳ್ಳುತ್ತೆ" ಎಂದು ಬೆನ್ನು ತಟ್ಟುತ್ತಾರೆ. ಸರಿಯಾಗಿ ಹೇಳಿದರೂ "ಹೌದಾ? ಹಾಗಾ ಅದು?" ಎಂದು ಹುಬ್ಬೇರಿಸುತ್ತಾರೆ. ನಮ್ಮನ್ನು ಪರೀಕ್ಷಿಸುತ್ತಿದ್ದಾರೋ, ನಮ್ಮಿಂದಲೇ ಕಲಿಯುತ್ತಿದ್ದಾರೋ, ಆ ದೇವರಿಗೇ ಗೊತ್ತು. ಮಂಗಳವಾರ ಗಣಿತ ಎಂದು ತಾವೇ ಗೋಡೆಗೆ ಅಂಟಿಸಿದ ವೇಳಾಪಟ್ಟಿಯ ಕೆಳಗೆ ನಿಂತು, ಮಂಗಳವಾರವೇ ಚರಿತ್ರೆ ಶುರುಮಾಡುತ್ತಾರೆ. ವಿಚಿತ್ರವೆಂದರೆ ಎರಡರಲ್ಲೂ ನಮಗೆ ಒಳ್ಳೆಯ ಅಂಕ ಬರುತ್ತದೆ. ಹೇಗೆಂದು ನಮಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಮೊನ್ನೆ ನಾನು ಎಲ್ಲರಿಗಿಂತ ಮೊದಲೇ ಹೋದೆ. ಮೇಷ್ಟ್ರು ಒಬ್ಬರೇ ಕೂತು, ಅಂಗೈಯಗಲದ ನೋಟ್‌ಬುಕ್ಕೊಂದನ್ನು ಓದುವುದು, ಮುಚ್ಚುವುದು, ಕಣ್ಣು ಮುಚ್ಚಿ ಗೊಣಗುವುದು, ಹೀಗೇ ಮಾಡುತ್ತಿದ್ದರು. ನನ್ನನ್ನು ಕಂಡು ಅದನ್ನು ನನ್ನ ಕೈಗಿತ್ತರು: "ನೀನು ನೋಡ್ಕೋ, ನಾನು ನೋಡದೆ ಹೇಳ್ತೀನಿ." ಅದರಲ್ಲಿದ್ದದ್ದು ನಮ್ಮ ಹನ್ನೆರಡು ಮಂದಿಯ ಹೆಸರು, ಪ್ರತಿ ಹೆಸರಿನ ಎದುರಿಗೆ ಒಂದು ಗುರುತು: ಹಸಿರು ಚೀಲ, ಎಡಗೈ ಬರಹ, ಕೆನ್ನೆಯ ಮಚ್ಚೆ. ಹನ್ನೊಂದು ಹೆಸರು ಸರಿಯಾಗಿ ಹೇಳಿದರು. ಆಮೇಲೆ ನನ್ನ ಕೆನ್ನೆಯ ಮಚ್ಚೆಯನ್ನೇ ನೋಡುತ್ತಾ ಹೆಸರಿಗಾಗಿ ತಡವರಿಸಿದರು. ನಾನು ನೋಟ್‌ಬುಕ್ಕನ್ನು ಅವರ ಕಡೆ ತಿರುಗಿಸಿ ಹಿಡಿದೆ. "ಮರೆತಿದ್ದು ಒಳ್ಳೇದೇ ಆಯ್ತು ಮೇಷ್ಟ್ರೇ," ಎಂದೆ, "ಈಗ ನೋಡ್ಕೊಳ್ಳಿ."