ಕಿವಿರಿನಲ್ಲಿ ಸಿಕ್ಕ ಕಡಲೆಕಾಯಿ ಸಿಪ್ಪೆ

ನಮ್ಮ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು, ಸತ್ತ ಮೀನು ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ನೆನೆದು ನೆನೆದು ಹಳದಿಯಾಗಿತ್ತು. ಆ ಉಗುರಿನಿಂದ ಗೀರಿ ನೋಡದೆ ಅವರು ಯಾವ ವಸ್ತುವನ್ನೂ ನಂಬುತ್ತಿರಲಿಲ್ಲ. ಬದನೆಕಾಯಿ, ಪಂಚೆಯ ಅಂಚು, ಬೆಂಚಿನ ಬಣ್ಣ, ಬಸ್ಸಿನವನು ಕೊಟ್ಟ ಟಿಕೆಟ್ಟು ಕೂಡ. ಮಧುಗಿರಿಯಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದ ಆ ಮೇಷ್ಟ್ರ ಕೈಕೆಳಗೆ ನಾನು ಸಂಶೋಧನೆಗೆ ಸೇರಿದ ದಿನ ನನ್ನನ್ನೂ ಹಾಗೇ ಗೀರಿ ನೋಡಿದರು ಅನ್ನಿ. ಮೀನು ಮುಟ್ಟುತ್ತೀಯೋ, ಬರೀ ಬರೆಯುತ್ತೀಯೋ ಎಂದು ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಆಗ ಎಂಬತ್ತರ ದಶಕ. ಗೋಬಿ ಜಾತಿಯ ಮೀನುಗಳ ನಂಟು ಹುಡುಕುವುದು ನಮ್ಮ ಕೆಲಸ. ಕೆಸರಿಗೆ ಹೊಟ್ಟೆಯೂರಿ ಕೂರುವ ಸಣ್ಣ ಮೀನು ಅದು. ಹೊಟ್ಟೆಯಡಿಯ ರೆಕ್ಕೆಗಳು ಕೂಡಿಕೊಂಡು ಬಟ್ಟಲಿನಂತಿರುತ್ತವೆ. ನೋಡಲು ಎಲ್ಲ ಕೆರೆಯದೂ ಒಂದೇ. ಆದರೆ ಶಿರಾ ಕಡೆಯ ನೀರು ವೇದಾವತಿ ನದಿಗೆ ಹೋಗುತ್ತದೆ, ಚನ್ನರಾಯನದುರ್ಗದ ಕಡೆಯದು ಜಯಮಂಗಲಿಗೆ. ಹಾಗಾದರೆ ಈ ಎರಡು ಕಡೆಯ ಮೀನು ಒಂದೇ ಬಳಗವೋ, ಯಾವಾಗಲೋ ಬೇರೆಯಾದ ಎರಡು ಕವಲೋ? ಮಾಂಸ ಅರೆದು, ರಸವನ್ನು ಗಂಜಿಯ ಗಟ್ಟಿ ಪದರದಲ್ಲಿಟ್ಟು, ಕರೆಂಟು ಹರಿಸಿ ಬಣ್ಣ ಹಾಕಿದರೆ ಪ್ರೋಟೀನುಗಳು ಗೆರೆಗೆರೆಯಾಗಿ ನಿಲ್ಲುತ್ತವೆ. ಪ್ರೋಟೀನು ಜೀನು ಹೇಳಿದಂತೆ ಆಗುವ ವಸ್ತು. ಗೆರೆ ಹೊಂದಿದರೆ ಹತ್ತಿರದ ನಂಟು, ಹೊಂದದಿದ್ದರೆ ದೂರದ್ದು.

ನನ್ನ ಗೆರೆಗಳು ಚೆನ್ನಾಗಿ ಹೊಂದಿದವು. ಎರಡೂ ಒಂದೇ ಎಂದು ಪ್ರಬಂಧ ಬರೆದುಕೊಟ್ಟೆ. ನನ್ನ ಪದವಿ, ಮುಂದಿನ ಕೆಲಸ, ಎಲ್ಲ ಅದರ ಮೇಲೆ ನಿಂತಿತ್ತು. ಮೇಷ್ಟ್ರು ಸಹಿ ಹಾಕಲಿಲ್ಲ. "ಇಷ್ಟು ನೀಟಾಗಿ ಬರಬಾರ್ದು ಕಣಮ್ಮ" ಅಂದರು. ನನ್ನ ಕೆಲಸವನ್ನು ತಮ್ಮ ಹೆಸರಲ್ಲಿ ಅಚ್ಚು ಹಾಕಿಸುವ ಹುನ್ನಾರ ಇದು ಎಂದು ನನಗೆ ಖಾತ್ರಿಯಾಯಿತು. ಮೀನು, ಟಿಪ್ಪಣಿ ಇಟ್ಟಿದ್ದ ಬೀರುವಿಗೆ ಹೊಸ ಬೀಗ ತಂದು ಹಾಕಿದೆ. ಅವರು ಪ್ರಯೋಗಾಲಯದೊಳಗೆ ಬಂದರೆ ನಾನು ಹೊರಗೆ ಹೋಗುತ್ತಲೇ ಇರಲಿಲ್ಲ.

ಒಂದು ಮಧ್ಯಾಹ್ನ ಮೇಷ್ಟ್ರು ನನ್ನಿಂದ ಬೀಗ ತೆಗೆಸಿ, ಸೀಸೆಯಲ್ಲಿದ್ದ ಚನ್ನರಾಯನದುರ್ಗದ ಮೀನುಗಳನ್ನು ತಟ್ಟೆಗೆ ಸುರಿದುಕೊಂಡು ಒಂದೊಂದರ ಕಿವಿರನ್ನೂ ಬಿಡಿಸುತ್ತ ಕೂತರು. ಕೊನೆಗೆ ಉಗುರಿನ ತುದಿಯಲ್ಲಿ ಏನನ್ನೋ ಎತ್ತಿ ಹಿಡಿದರು. ಕಡಲೆಕಾಯಿ ಸಿಪ್ಪೆಯ ಚೂರು. ಶಿರಾ ಸಂತೆಯಲ್ಲಿ ಮೀನನ್ನು ಒದ್ದೆ ಸಿಪ್ಪೆಯಲ್ಲಿ ಮುಚ್ಚಿಡುವುದನ್ನು ನಾನೂ ಕಂಡಿದ್ದೆ.

"ದುರ್ಗದಲ್ಲಿ ಬಲೆ ಹಾಕಿದ್ದು ನೀನು ಕಣ್ಣಾರೆ ನೋಡಿದ್ಯಾ?"

ನೋಡಿರಲಿಲ್ಲ. ಅಲ್ಲಿನ ಬೆಸ್ತರ ಯಜಮಾನನ ಹೆಂಡತಿ ನನ್ನನ್ನು ಜಗಲಿಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು ಹೂ ಮುಡಿಸುವಷ್ಟರಲ್ಲಿ ಮೀನಿನ ಕುಡಿಕೆ ಎದುರಿಗೆ ಬಂದಿತ್ತು.

ಮಾರನೆಯ ದಿನವೇ ಇಬ್ಬರೂ ದುರ್ಗಕ್ಕೆ ಹೋದೆವು. ಯಜಮಾನ ಏನೂ ಮುಚ್ಚಿಡಲಿಲ್ಲ. "ಕೆರೇಲಿ ಒಬ್ರು ಮುಳುಗೋಗಿದ್ರು ಸಾಮಿ, ಶಾಂತಿ ಆಗೋಗಂಟ ಬಲೆ ಹಾಕಂಗಿರ್ಲಿಲ್ಲ. ಹೆಣ್ಮಗಳು ಬತ್ತೀನಿ ಅಂತ ಹೇಳ್ಕಳ್ಸವ್ಳೆ, ಬರಿಗೈಲಿ ಹೆಂಗೆ ಕಳ್ಸಾದು? ಹಿಂದಿನ್ ದಿನವೇ ಶಿರಾಕ್ಕೋಗಿ ತಂದ್ಬುಟ್ಟೆ."

ಶಿರಾ ಮೀನನ್ನು ಶಿರಾ ಮೀನಿನ ಜೊತೆಗೇ ಹೋಲಿಸಿ ನಂಟು ಸಾಧಿಸಿದ್ದೆ! ಕೆರೆ ಏರಿಯ ಮೇಲೆ ಕೂತು ಅತ್ತುಬಿಟ್ಟೆ. ಮೇಷ್ಟ್ರು ಬೈಯಲಿಲ್ಲ. ನಾವು ಹೋಗುವಷ್ಟರಲ್ಲಿ ಶಾಂತಿ ಮುಗಿದಿತ್ತು. ಪಂಚೆ ಎತ್ತಿ ಕಟ್ಟಿ ಯಜಮಾನನ ಜೊತೆ ತಾವೇ ನೀರಿಗಿಳಿದರು, ನನ್ನನ್ನೂ ಇಳಿಸಿದರು. ಆ ಮೀನಿನ ಗೆರೆಗಳು ಶಿರಾದವಕ್ಕೆ ಹೊಂದಲಿಲ್ಲ. ಅದನ್ನೂ ನಂಬದೆ ಮತ್ತೆ ಬಲೆ ಹಾಕಿಸಿದರು. ಆಗಲೂ ಹೊಂದಲಿಲ್ಲ. ಎರಡು ಕವಲು ಎಂದೇ ಪ್ರಬಂಧ ಅಚ್ಚಾಯಿತು, ನನ್ನೊಬ್ಬಳ ಹೆಸರಿನಲ್ಲಿ. ಇವತ್ತು ನಾನು ತಿನ್ನುತ್ತಿರುವ ಅನ್ನ ಅವರ ಅನುಮಾನದ್ದು.

ಕೆಲವು ವರ್ಷಗಳ ನಂತರ ಅವರು ಆಸ್ಪತ್ರೆ ಸೇರಿದಾಗ ರಕ್ತದ ವರದಿ ಚೆನ್ನಾಗಿರಲಿಲ್ಲ. ಯಾರದೋ ಸೀಸೆ ಅದಲುಬದಲಾಗಿದೆ, ಇನ್ನೊಮ್ಮೆ ಮಾಡಿಸು ಎಂದು ನನಗೆ ಹೇಳಿದರು. ನಾನೇ ಪಕ್ಕದಲ್ಲಿ ನಿಂತು ರಕ್ತ ತೆಗೆಸಿ, ಸೀಸೆಯನ್ನು ಕೈಯಲ್ಲೇ ಹಿಡಿದು ಒಯ್ದೆ. ಹಾಗಾದರೂ ಮೊದಲ ವರದಿ ಸುಳ್ಳಾಗಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಸುಳ್ಳಾಗಲಿಲ್ಲ.

ಹೊಸ ವರದಿಯನ್ನು ಅವರ ಕೈಗಿಟ್ಟೆ. ಅಕ್ಷರಗಳ ಮೇಲೆ ಉಗುರು ಊರುತ್ತಾರೆಂದು ಕಾದೆ. ಅವರು ನನ್ನ ಮುಖ ನೋಡಿದರು.

"ನೀನೇ ತಗೊಂಡೋಗಿದ್ಯಾ?"

ಹೂಂ ಅಂದೆ.

"ಹಂಗಾದ್ರೆ ನಿಜ" ಎಂದು, ಓದದೆಯೇ ಕಾಗದವನ್ನು ಮಡಿಸಿ ದಿಂಬಿನ ಕೆಳಗಿಟ್ಟರು.