ನೀಲಿ ಬಟ್ಟೆಯ ಡಸ್ಟರ್

ಮಗ್ಗಿ ಬರೆದು ತಿರುಗಿದಾಗ ತರಗತಿಯ ಬಾಗಿಲಲ್ಲಿ ಪದ್ಮಾಳ ತಾಯಿ ನಿಂತಿದ್ದರು. ಸತ್ತಿ ಎಂಬ ಊರಿನ ಶಾಲೆಯಲ್ಲಿ ನನ್ನ ಬಳಿ ಮೂರನೇ ತರಗತಿ ಓದುತ್ತಿದ್ದ ಪದ್ಮಾ, ದೀಪಾವಳಿ ರಜೆಯಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಆ ತಾಯಿ ಒಳಗೆ ಬಂದು ಬಣ್ಣದ ಚಾಕ್‌ಪೀಸಿನ ಡಬ್ಬಿ, ಜೊತೆಗೆ ಕೈಯಿಂದ ಹೊಲಿದ ಡಸ್ಟರ್ ಮೇಜಿನ ಮೇಲಿಟ್ಟರು. ಮಗಳ ಶಾಲೆಯ ನೀಲಿ ಲಂಗ ಕತ್ತರಿಸಿ, ಒಳಗೆ ಹತ್ತಿ ತುಂಬಿ ಹೊಲಿದಿದ್ದರು.

"ಬೋರ್ಡ್ ಒರಸೂದಂದ್ರ ಆಕಿಗೆ ಭಾಳ ಸೇರ್ತಿತ್ರಿ, ಅಕ್ಕಾರ. ನೆನಪಿಗಂತ ಎತ್ತಿ ಇಡಬ್ಯಾಡ್ರಿ, ದಿನಾ ಇದರಿಂದನ ಒರಸ್ರಿ."

ಅವರೆದುರೇ ಮಗ್ಗಿ ಒರೆಸಿದೆ. ಕೂತಿದ್ದ ಮಕ್ಕಳನ್ನೆಲ್ಲ ಒಮ್ಮೆ ನೋಡಿ, ಸೆರಗು ಬಾಯಿಗೆ ಹಿಡಿದು ಹೊರಟುಹೋದರು.

ಬಟ್ಟೆ ಸವೆದು ನೂಲು ಬಿಡುವವರೆಗೂ ಅದರಿಂದಲೇ ಒರೆಸಿದೆ. ಧೂಳು ಹೋಗಲೆಂದು ಅದನ್ನು ಗೋಡೆಗೆ ಬಡಿಯಲು ಮಾತ್ರ ನನ್ನಿಂದ ಒಮ್ಮೆಯೂ ಆಗಲಿಲ್ಲ.