ಮಾಸ್ತರನ ಗಂಟೆ, ಆಯಿಯ ಕಣ್ಣಿ

ಉಣ್ಣೆ ಅಸಲಿಯೋ ನಕಲಿಯೋ ತಿಳಿಯಬೇಕಾದರೆ ಅಂಗಡಿಯವನ ಮಾತು ಕೇಳಬೇಡಿ. ಬೆರಳು ಒದ್ದೆ ಮಾಡಿ ಉಜ್ಜಿ, ಮೂಸಿ ನೋಡಿ. ಅಸಲಿಯಾಗಿದ್ದರೆ ಅದರೊಳಗಿನ ಕುರಿ ಎದ್ದು ಬರುತ್ತದೆ. ಕಾಂದಿವಲಿಯಲ್ಲಿ ಪರದೆ, ಹಾಸಿಗೆ ಬಟ್ಟೆಯ ಅಂಗಡಿಯನ್ನು ಒಂದು ಕಪಾಟಿನಷ್ಟು ಜಾಗದಲ್ಲಿ ಶುರುಮಾಡಿ ಇಷ್ಟು ದೂರ ತಂದವಳು ನಾನು, ಬಟ್ಟೆಯ ವಿಷಯದಲ್ಲಿ ನನ್ನ ಮಾತು ನಂಬಬಹುದು. ಹೋದ ಮಳೆಗಾಲ ಬಾಂದ್ರಾದಲ್ಲಿ ಗಿರಾಕಿಯೊಬ್ಬರ ಮನೆಗೆ ಪರದೆಯ ಅಳತೆ ತೆಗೆಯಲು ಹೋಗಿದ್ದೆ. ಹೊರಗೆ ಬರುವಷ್ಟರಲ್ಲಿ ಮಳೆ ಹುಯ್ಯತೊಡಗಿತು. ಹಳೆಯ ಸಾಮಾನನ್ನು ಹೊಸದಕ್ಕಿಂತ ಹೆಚ್ಚಿನ ಬೆಲೆಗೆ ಮಾರುವ ಒಂದು ಅಂಗಡಿಯೊಳಗೆ ನುಗ್ಗಿದೆ. ಬಾಗಿಲ ಪಕ್ಕದ ಮೊಳೆಗೆ ಕಬ್ಬಿಣದ ಸಣ್ಣ ಗಂಟೆಯೊಂದು ತೂಗುತ್ತಿತ್ತು, ಅದಕ್ಕೆ ಕಟ್ಟಿದ್ದ ಕರಿ ಉಣ್ಣೆಯ ಹಗ್ಗವೂ ಹಾಗೇ ಇತ್ತು. ಬೇಕೆನಿಸಿದ ವಸ್ತುವನ್ನು ಅಂಗಡಿಯವರ ಎದುರು ಎರಡನೇ ಸಲ ಮುಟ್ಟಬಾರದು, ಮುಟ್ಟಿದರೆ ಚೌಕಾಸಿ ಅಲ್ಲಿಗೇ ಮುಗಿಯಿತು ಎಂದು ನನ್ನ ಅಂಗಡಿಯ ಹುಡುಗಿಯರಿಗೆ ನಾನೇ ಹೇಳಿಕೊಡುತ್ತೇನೆ. ಅವತ್ತು ನನ್ನ ಒದ್ದೆ ಕೈ ಆ ಹಗ್ಗಕ್ಕೆ ಎಷ್ಟು ಸಲ ಹೋಯಿತೋ ನನಗೇ ಗೊತ್ತಿಲ್ಲ. ಎದ್ದು ಬಂದದ್ದು ಒಂದು ಕುರಿಯಲ್ಲ, ಇಡೀ ಹಿಂಡು.

ನಮ್ಮ ಅಜ್ಜ ವಿಜಯಪುರದ ಕಡೆಯವನು. ಪ್ರತಿ ಬೇಸಿಗೆ ಹಿಂಡು ಹೊಡೆದುಕೊಂಡು ಮೇವು ಹುಡುಕುತ್ತ ಘಟ್ಟ ಇಳಿಯುತ್ತಿದ್ದವನು ಒಂದು ವರ್ಷ ತಿರುಗಿ ಹೋಗಲೇ ಇಲ್ಲವಂತೆ. ಹಾಗೆ ಹುಟ್ಟಿದ್ದು ಕಾಂದಿವಲಿಯ ನಮ್ಮ ದೊಡ್ಡಿ. ಒಂದು ಪಕ್ಕ ಕಾರ್ಖಾನೆಯ ಗೋಡೆ, ಇನ್ನೊಂದು ಪಕ್ಕ ನಾಲೆ, ನಡುವೆ ತಗಡಿನ ಚಪ್ಪರ. ಅದರ ಅರ್ಧದಲ್ಲಿ ಕುರಿ, ಅರ್ಧದಲ್ಲಿ ನಾವು. ನಡುವಿನ ತಟ್ಟಿ ಎಷ್ಟು ತೆಳ್ಳಗಿತ್ತೆಂದರೆ ಕುರಿ ಮೆಲುಕು ಹಾಕುವ ಸದ್ದಿನಲ್ಲೇ ನಮಗೆ ನಿದ್ದೆ ಹತ್ತುತ್ತಿತ್ತು. ಬೆಳಿಗ್ಗೆ ತಾಯಿ ಕುರಿಗಳು ಮೇಯಲು ಹೊರಟರೆ ಎಳೆ ಮರಿಗಳನ್ನು ಅವ್ವ ದೊಡ್ಡ ಬಿದಿರು ಬುಟ್ಟಿಗಳ ಕೆಳಗೆ ಮುಚ್ಚಿಡುತ್ತಿದ್ದಳು. ಸಂಜೆ ಹಿಂಡು ಬರುವ ಹೊತ್ತಿಗೆ ಬುಟ್ಟಿ ಎತ್ತುವುದು ನನ್ನ ಕೆಲಸ. ಆಗ ಏಳುತ್ತಿದ್ದ ಗದ್ದಲವನ್ನು ಹೇಗೆ ಹೇಳಲಿ! ಎಲ್ಲ ತಾಯಂದಿರೂ ಒಟ್ಟಿಗೆ ಕೂಗುತ್ತಿದ್ದವು, ಎಲ್ಲ ಮರಿಗಳೂ ಒಟ್ಟಿಗೆ ಓಡುತ್ತಿದ್ದವು, ಆದರೂ ಒಂದೇ ಒಂದು ಮರಿ ತಪ್ಪು ತಾಯಿಯ ಹೊಟ್ಟೆಯ ಕೆಳಗೆ ತಲೆ ಹಾಕುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲ ಸದ್ದಡಗಿ ಬರೀ ಚಪ್ಪರಿಕೆ ಕೇಳುತ್ತಿತ್ತು. ನಮ್ಮ ಗೊಬ್ಬರ ಪವಾಯಿಯ ಬಂಗಲೆಗಳ ಗುಲಾಬಿ ಗಿಡಗಳಿಗೆ ಹೋಗುತ್ತಿತ್ತು. ಉದುರಿದ, ಉಳಿದ ಉಣ್ಣೆಯೆಲ್ಲ ಆಯಿಗೆ, ಅಂದರೆ ಅಪ್ಪನ ತಾಯಿಗೆ. ಅವಳು ಬಾಗಿಲಲ್ಲಿ ಕಾಲು ಚಾಚಿ ಕುಳಿತು ನೂಲು ತೆಗೆದು, ಹುರಿಮಾಡಿ, ಪ್ರತಿ ಪ್ರಾಣಿಯ ಕೊರಳಿಗೂ ಕಣ್ಣಿ ಹೊಸೆಯುತ್ತಿದ್ದಳು. ಪ್ರಾಣಿ ಮಾರಿದರೆ ಅದರ ಕಣ್ಣಿ ಬಿಚ್ಚಿಟ್ಟುಕೊಳ್ಳಬೇಕು, ಕೊಂಡವನು ತನ್ನ ಹಗ್ಗ ತಾನೇ ತರಬೇಕು, ಇದು ನಮ್ಮಲ್ಲಿಯ ಪದ್ಧತಿ. ಕಣ್ಣಿ ಹೊರಗೆ ಹೋದರೆ ಅದರ ಹಿಂದೆ ದೊಡ್ಡಿಯೂ ಹೋಗುತ್ತದೆ ಎನ್ನುತ್ತಿದ್ದಳು ಆಯಿ.

ನಮ್ಮ ಹುಲ್ಲು ಇದ್ದದ್ದು ಹೈವೇಯ ಆಚೆ, ಗುಡ್ಡದ ಇಳಿಜಾರಿನಲ್ಲಿ. ನನ್ನ ಮುನ್ಸಿಪಾಲಿಟಿ ಕನ್ನಡ ಶಾಲೆಯೂ ಆಚೆಯೇ. ಹೀಗಾಗಿ ದಿನವೂ ಹಿಂಡಿನ ಜೊತೆಗೇ ರಸ್ತೆ ದಾಟುತ್ತಿದ್ದೆ. ದಾಟಿಸುತ್ತಿದ್ದವನು ಅಪ್ಪನಲ್ಲ, ಮಾಸ್ತರ. ಕರಿ ಮೈ, ಬಿಳಿ ಗಡ್ಡದ ದೊಡ್ಡ ಹೋತ. ಕುರಿಗಳಿಗೆ ತಮ್ಮ ಬುದ್ಧಿಯ ಮೇಲೆ ಭರವಸೆ ಕಮ್ಮಿ, ಮುಂದೆ ಒಂದು ಆಡು ನಡೆದರೆ ಧೈರ್ಯ. ಮಾಸ್ತರ ರಸ್ತೆಯ ಅಂಚಿಗೆ ಬಂದು ನಿಲ್ಲುತ್ತಿದ್ದ, ಒಂದು ಗೊರಸು ಡಾಂಬರಿನ ಮೇಲಿಟ್ಟು ಲಾರಿಗಳನ್ನು ಉಡಾಫೆಯಿಂದ ನೋಡುತ್ತಿದ್ದ, ತಲೆ ಕೊಡವಿ ಗಂಟೆ ಬಾರಿಸಿ ನಡೆದುಬಿಡುತ್ತಿದ್ದ. ಒಂದು ದಿನವೂ ಓಡಿದ್ದಿಲ್ಲ. ಅವನ ಕೊರಳ ಮೇಲೆ ಕೈಯಿಟ್ಟುಕೊಂಡು ನಾನೂ, ನಮ್ಮ ಹಿಂದೆ ನೆಲವೇ ಜರುಗಿದಂತೆ ಅಷ್ಟೂ ಕುರಿಗಳು. ಶಾಲೆಯಲ್ಲಿ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ, ಫ್ರಾಕಿಗೆ ವಾಸನೆ ಎಂದು. ಇಡೀ ಬೆಂಚು ನನ್ನದೇ ಎಂದು ನಾನು ಕಾಲು ಚಾಚಿ ಕೂರುತ್ತಿದ್ದೆ.

ಬಕ್ರೀದ್ ಹತ್ತಿರವಾದರೆ ಕುರ್ಲಾದಿಂದ ರಫೀಕ್ ಚಾಚಾ ಬರುತ್ತಿದ್ದರು. ಅಪ್ಪನಿಗೂ ಅವರಿಗೂ ಚೌಕಾಸಿಯೆಂದರೆ ಊಟಕ್ಕಿಂತ ಇಷ್ಟ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತ, ಮುಖದಲ್ಲಿ ಏನೂ ತೋರಿಸದೆ, ಮೇಲೆ ಮಾತ್ರ ಮಳೆ, ಮಕ್ಕಳು, ಮೊಣಕಾಲು ನೋವು ಎಂದು ಹರಟುತ್ತಿದ್ದರು. ಆ ವರ್ಷ ಟಗರುಗಳ ವ್ಯಾಪಾರ ಮುಗಿದ ಮೇಲೆ ಚಾಚಾ ಮಾಸ್ತರನ ಗಡ್ಡ ಸವರಿ, ‘ಔರ್ ಯೇ?’ ಎಂದರು. ಇದು ಮಾರುವುದಲ್ಲ ಎಂದಿದ್ದರೆ ಮುಗಿದಿತ್ತು. ಆದರೆ ಗೆದ್ದ ಖುಷಿಯಲ್ಲಿದ್ದ ಅಪ್ಪ, ಕೇಳಿದವರು ಓಡಿಹೋಗಲಿ ಎಂದು, ನಗುತ್ತ ಎರಡು ಟಗರು ಬರುವಷ್ಟು ಬೆಲೆ ಹೇಳಿದ. ಚಾಚಾ ಓಡಲಿಲ್ಲ. ‘ದಿಯಾ’, ಅಷ್ಟೂ ಕೊಟ್ಟೆ, ಎಂದು ಕೈ ಚಾಚಿದರು. ಆಡಿದ ಬೆಲೆ ಹಿಂದಕ್ಕೆ ತೆಗೆದುಕೊಂಡರೆ ಮುಂದೆ ಯಾವ ಮುಖದಲ್ಲಿ ಟವೆಲ್ಲಿನ ಕೆಳಗೆ ಕೈ ಹಾಕುವುದು? ನೀವು ಯಾವ ವ್ಯಾಪಾರದಲ್ಲೇ ಇರಿ, ಇದೊಂದು ನೆನಪಿಡಿ: ಕೊಡಬಾರದ ವಸ್ತುವಿಗೆ ಬೆಲೆ ಹೇಳಬೇಡಿ, ತಮಾಷೆಗೂ ಬೇಡ. ಅಪ್ಪ ಮಾಸ್ತರನ ಕಣ್ಣಿಯನ್ನೂ ಗಂಟೆಯನ್ನೂ ಬಿಚ್ಚಿ ಆಯಿಯ ಮಡಿಲಿಗೆ ಹಾಕಿದ. ಮಾಸ್ತರ ಚಾಚಾ ತಂದ ಹೊಸ ಹಗ್ಗದಲ್ಲಿ, ಗಂಟೆಯಿಲ್ಲದೆ, ಟೆಂಪೋ ಹತ್ತಿದ. ಎಂದಿನಂತೆ ನಿಧಾನವಾಗಿಯೇ ಹತ್ತಿದ.

ಮರುದಿನ ಹಿಂಡು ಹೈವೇಯ ಅಂಚಿಗೆ ಬಂದು ನಿಂತದ್ದು ನಿಂತೇಬಿಟ್ಟಿತು. ಅಪ್ಪ ಕೂಗಿದ, ದಬ್ಬಿದ, ಒಂದು ಕುರಿಯನ್ನು ಹೆಗಲ ಮೇಲೆ ಹೊತ್ತು ಆಚೆ ಬಿಟ್ಟು ಬಂದ. ಅದು ಅಲ್ಲಿಂದ ಅರಚಿತು, ಇವು ಇಲ್ಲಿಂದ ಅರಚಿದವು. ಬಸ್ಸಿನ ಡ್ರೈವರ್ ಒಬ್ಬ ತಲೆ ಹೊರಹಾಕಿ, ‘ಕಾಯ್ ಮಾಮಾ, ಸಭಾ ಆಹೇ ಕಾ?’ ಎಂದು ಸಭೆ ಸೇರಿದೆಯೇನೆಂದು ನಕ್ಕು ಹೋದ. ಮರುದಿನವೂ ಅದೇ ಕತೆ. ಮಾರ್ಕೆಟ್ಟಿನಲ್ಲಿ ಎಸೆದ ಕೋಸಿನ ಎಲೆ ತಂದು ಹಾಕಿದೆವು, ಅದು ಯಾವ ಮೂಲೆಗೂ ಸಾಲಲಿಲ್ಲ. ತಾಯಂದಿರ ಕೆಚ್ಚಲು ಒಣಗಿತು, ಬುಟ್ಟಿ ಎತ್ತಿದರೆ ಮರಿಗಳು ಓಡದೆ ಕೂತಲ್ಲೇ ಕೂಗಿದವು. ಒಂದು ಎಳೆ ಹೋತದ ಕೊರಳಿಗೆ ಗಂಟೆ ಕಟ್ಟಿದರೆ ಅದು ನೇರ ಚಹಾದ ಗಾಡಿಗೆ ಹೋಗಿ ಬಿಸ್ಕಿಟ್ ತಿಂದಿತು. ದಾಟದಿದ್ದರೆ ಇಡೀ ಹಿಂಡನ್ನೇ ಕೊಟ್ಟುಬಿಡುವುದು ಎಂದು ಅಪ್ಪ ಗೋಡೆಯ ಕಡೆ ತಿರುಗಿ ಹೇಳಿದ್ದು ನನಗೆ ಕೇಳಿಸಿತು. ಆಯಿಗೂ ಕೇಳಿಸಿತು. ಅವಳು ಗಂಟೆ ತೆಗೆದುಕೊಂಡು ನನ್ನ ಕೊರಳಿಗೆ ಕಟ್ಟತೊಡಗಿದಳು.

‘ಯತ್ತೀ, ಹೆಣ್ಣ ಹುಡುಗೀಗಿ ಗಂಟಿ ಕಟ್ಟತೀರೇನ್ರಿ? ನಾಳೆ ಇಕಿನ್ನ ಯಾವಾಂವ ಮಾಡ್ಕೋತಾನ?’ ಎಂದಳು ಅವ್ವ.

‘ಬರಾಂವ ಸಪ್ಪಳಾ ಕೇಳಿ ಮೊದಲ ಹುಷಾರ್ ಆಗ್ಲಿ ತಗೋ,’ ಎಂದಳು ಆಯಿ. ‘ದಿನಾ ಮಾಸ್ತರನ ಬಾಜೂಕ ನಡದಾಕಿ ಇಕಿ ಒಬ್ಬಾಕಿನ. ಮಾಳೀ, ಕೇಳಿಲ್ಲೆ. ಅಂವ ಹೆಂಗ ಹೊಕ್ಕಿದ್ದ, ಹಂಗ ಹೋಗು. ತಿರುಗಿ ಮಾತ್ರ ನೋಡಬ್ಯಾಡವ್ವ. ನೀ ತಿರುಗಿದಿ ಅಂದ್ರ ಅವೂ ತಿರುಗ್ತಾವ.’

ಅಂಚಿನಲ್ಲಿ ನಿಂತೆ. ಡಾಂಬರಿನ ಮೇಲೆ ಒಂದು ಕಾಲಿಟ್ಟೆ. ಮಾಸ್ತರ ನೋಡುತ್ತಿದ್ದ ಹಾಗೆ ಲಾರಿಗಳನ್ನು ಉಡಾಫೆಯಿಂದ ನೋಡಿದೆ. ಅಪ್ಪ ಟವೆಲ್ ಬೀಸಿ ಗಾಡಿಗಳನ್ನು ನಿಲ್ಲಿಸಿದ. ತಲೆ ಕೊಡವಿ ಹೊರಟೆ. ಗಂಟೆಯ ಒಳಗಿನ ಮರದ ನಾಲಗೆ ನನ್ನ ಎದೆಗೆ ಬಡಿಯುತ್ತಿತ್ತು. ಹಿಂದೆ ಏನೂ ಕೇಳಿಸಲಿಲ್ಲ. ರಸ್ತೆಯ ನಡುವಿನವರೆಗೂ ನಾನೊಬ್ಬಳೇ ಹೋಗುತ್ತಿದ್ದೇನೆ ಅನಿಸಿ ಕಣ್ಣು ತುಂಬಿತು, ಆದರೂ ಕತ್ತು ತಿರುಗಿಸಲಿಲ್ಲ. ಆಮೇಲೆ ಟಾರಿನ ಮೇಲೆ ಹನಿ ಬಿದ್ದಂತೆ ಒಂದು ಗೊರಸು. ಇನ್ನೊಂದು. ಆಮೇಲೆ ಮಳೆಯೇ. ನನ್ನ ಮೊಣಕಾಲ ಹಿಂದೆ ಯಾವುದೋ ಒದ್ದೆ ಮೂಗು ತಾಗಿತು. ಆ ಸಂಜೆ ಬುಟ್ಟಿ ಎತ್ತಿದಾಗ ಮರಿಗಳು ಓಡಿದ್ದನ್ನು ನೋಡಿ ಅವ್ವ ನನ್ನ ಕೊರಳ ಗಂಟೆ ಬಿಚ್ಚಿ, ಒರೆಸಿ, ತಾನೇ ಮೊಳೆಗೆ ಹಾಕಿದಳು. ಎಳೆ ಹೋತಕ್ಕೆ ಬುದ್ಧಿ ಬರುವ ತನಕ ಹಿಂಡಿನ ಮಾಸ್ತರಳು ನಾನೇ.

ನಾನು ದೊಡ್ಡವಳಾಗುವ ಹೊತ್ತಿಗೆ ಹೈವೇಯೂ ದೊಡ್ಡದಾಯಿತು. ನಡುವೆ ಗೋಡೆಯಂಥ ಡಿವೈಡರ್ ಬಂತು. ಅದನ್ನು ದಾಟಿಸುವ ಮಾಸ್ತರ ಯಾರ ಹಿಂಡಿನಲ್ಲೂ ಇರಲಿಲ್ಲ. ಒಂದು ಬೆಳಿಗ್ಗೆ ಲಾರಿ ಬಂದು ನಿಂತಿತು. ಅಪ್ಪ ಒಂದೊಂದೇ ಕುರಿಯ ಕೊರಳಿಂದ ಕಣ್ಣಿ ಬಿಚ್ಚಿ ಆಯಿಗೆ ಕೊಟ್ಟ. ಅವಳು ಒಂದೊಂದನ್ನೇ ಸುರುಳಿ ಸುತ್ತಿ ಚೀಲಕ್ಕೆ ತುಂಬಿದಳು. ಒಂದೂ ಹೊರಗೆ ಹೋಗಲಿಲ್ಲ. ಈಗ ಅಪ್ಪ ಇಲ್ಲ, ಅವ್ವ ಇಲ್ಲ, ಆಯಿ ಎಂದೋ ಹೋದಳು. ಮಾಸ್ತರನ ಗಂಟೆ ನನ್ನ ಅಂಗಡಿಯ ಬಾಗಿಲಲ್ಲಿದೆ, ಗಿರಾಕಿ ತಳ್ಳಿದರೆ ಬಡಿಯುತ್ತದೆ. ತಿರುಗಿ ನೋಡದೆ ನಡೆಯುವ ಆಯಿಯ ಪಾಠದಿಂದಲೇ ನಾನು ಇಷ್ಟು ದೂರ ಬಂದೆ. ಬರೆಯಲು ಕೂತ ಇವತ್ತು ಮಾತ್ರ ತಿರುಗಿದ್ದೇನೆ.

ಬಾಂದ್ರಾದ ಆ ಅಂಗಡಿಯ ಹುಡುಗಿ, ‘ಮ್ಯಾಮ್, ವಿಂಟೇಜ್ ಪೀಸ್ ಹೈ,’ ಎಂದು ಗಂಟೆಯ ಬೆಲೆ ಹೇಳಿದಳು. ಗಂಟೆ ಬೇಡ, ಈ ಹಗ್ಗಕ್ಕೆಷ್ಟು ಎಂದೆ. ‘ಅರೇ ಆಂಟೀ, ಯೇ ತೋ ಗಂದಾ ಹೈ, ಐಸೇ ಹೀ ಲೇ ಜಾವೋ,’ ಎಂದು ಕತ್ತರಿಯಿಂದ ಕತ್ತರಿಸಿ, ಕೊಳಕು ವಸ್ತುವಿನಂತೆ ಎರಡು ಬೆರಳಲ್ಲಿ ಹಿಡಿದು ಪುಕ್ಕಟೆ ಕೊಟ್ಟಳು. ಯಾವ ಊರಿನ ಯಾವ ದೊಡ್ಡಿಯವರೋ, ಕಣ್ಣಿ ಬಿಚ್ಚಿಟ್ಟುಕೊಂಡರೆ ನೇತುಹಾಕಲು ಅವರಿಗೆ ಗೋಡೆಯೇ ಉಳಿದಿರಲಿಲ್ಲವೇನೋ. ದೊಡ್ಡಿ ಇದ್ದ ಜಾಗದಲ್ಲೇ ಎದ್ದ ಬಿಲ್ಡಿಂಗಿನಲ್ಲಿ ನಮ್ಮ ಮನೆ. ‘ಮಮ್ಮೀ, ಆ ಬೋರಾ ಫೇಕ್ ದೋ ನಾ, ಸ್ಮೆಲ್ ಬರ್ತದೆ,’ ಎಂದು, ಎಸೆಯಲು ಹೇಳಿ, ಮಗಳು ಪ್ರತಿ ಮಳೆಗಾಲ ಗೊಣಗುವ ಆಯಿಯ ಕಣ್ಣಿಗಳ ಚೀಲ ಅಟ್ಟದ ಮೇಲಿದೆ. ಏಣಿ ಹಾಕಿ ಹತ್ತಿ, ಆ ಪರವೂರಿನ ಕಣ್ಣಿಯನ್ನೂ ಸುರುಳಿ ಸುತ್ತಿ, ನಮ್ಮವುಗಳ ನಡುವೆ ಇಟ್ಟೆ. ಕಿಟಕಿಯ ಕೆಳಗೆ ಹೈವೇ ಮೊರೆಯುತ್ತಿತ್ತು. ಎಲ್ಲ ಇಲ್ಲೇ ಇವೆ, ಆಯಿ. ಒಂದನ್ನೂ ಕೊಟ್ಟಿಲ್ಲ.